ಮುನ್ನೂರ ಎಪ್ಪತ್ತೇಳನೆಯ ಕಲಮು ಮತ್ತು ನನ್ನ ಹೊಟ್ಟೆಕಿಚ್ಚು

ಎರಡು ತಿಂಗಳ ಹಿಂದೆ ನಾನು ನನ್ನ ಆಪ್ತ ಸ್ನೇಹಿತನನ್ನು ಕರಿನೀರಿಗೆ ಕಳಿಸಲು ಹೊರಟಿದ್ದೆ.

ಅವನು ಮಾಡಿದ ತಪ್ಪು? ನಾಲ್ಕು ಭಾನುವಾರ ನಮ್ಮ ಮನೆಗೆ ಚಹಾಕ್ಕೆ ಬರಲಿಲ್ಲ.

ನಗಬೇಡಿ. ಅರ್ಜಿ ಬರೆದು ತಯಾರು ಮಾಡಿದ್ದೆ. ಒಳ್ಳೆಯ ಕಾಗದ, ಹೊಸ ನಿಬ್ಬು, ಎಡಕ್ಕೆ ಮೂರು ಬೆರಳು ಮಾರ್ಜಿನ್ನು. ಕೆಳಗೆ ನನ್ನ ಸಹಿಯೊಂದು ಬಾಕಿ ಇತ್ತು.

ನನ್ನ ಹೊಟ್ಟೆಕಿಚ್ಚು ನಿಮಗೆ ಹೊಸದೇನಲ್ಲ. ಸೋಂದೆಯ ಸೋದರಮಾವ ಗ್ರಾಮಾಫೋನು ಕೊಂಡಾಗ ಇದೇ ಅಂಕಣದಲ್ಲಿ ಅತ್ತಿದ್ದೇನೆ. ಪಕ್ಕದ ಮನೆಯವರ ಮಿಡಿ ಉಪ್ಪಿನಕಾಯಿ ಮೂರು ವರ್ಷವಾದರೂ ಕೆಡಲಿಲ್ಲವೆಂದು ಒಂದು ವಾರದ ಅಂಕಣ ಪೂರ್ತಿ ಬರೆದಿದ್ದೇನೆ. (ಸಂಪಾದಕರು ಈಗ ಸಿಕ್ಕಾಗಲೆಲ್ಲ "ಈ ವಾರ ಯಾರ ಮೇಲೆ?" ಎಂದು ಕೇಳುತ್ತಾರೆ.) ಆದರೆ ಅವೆಲ್ಲ ಊಟವಾದ ಮೇಲೆ ಇಳಿದುಹೋಗುವ ಹೊಟ್ಟೆಕಿಚ್ಚುಗಳು. ಈ ಸಲದ್ದು ಊಟವನ್ನೇ ಬಿಡಿಸಿತು.

ಮೊದಲು ಒಂದು ಮಾತು. ಈ ಬರಹದಲ್ಲಿ ಬರುವ ಹೆಸರುಗಳನ್ನು ಬದಲಿಸಿದ್ದೇನೆ. ಅವರ ಕೆಲಸಗಳನ್ನೂ ಬದಲಿಸಿದ್ದೇನೆ. ನನ್ನ ಸ್ನೇಹಿತನಿಗೆ ಗಣಪತಿ ಎಂದು ಹೆಸರಿಟ್ಟಿದ್ದೇನೆ. ಸಿರಸಿ ಪೇಟೆಯಲ್ಲಿ ನಿಂತು ಗಣಪತಿ ಎಂದು ಕೂಗಿದರೆ ಇಪ್ಪತ್ತು ಜನ ತಿರುಗಿ ನೋಡುತ್ತಾರೆ. ನಾನೂ ಅಷ್ಟೇ. ಕಚೇರಿಯ ಕಟ್ಟೆಯ ಮೇಲೆ ಅರ್ಜಿ ಬರೆಯುವವರು ಆರು ಜನ ಇದ್ದೇವೆ. ಯಾರೆಂದು ಹುಡುಕುವ ಉಸಾಬರಿ ನಿಮಗೆ ಬೇಡ.

ಗಣಪತಿ ಹೆಗಡೆಕಟ್ಟಾ ಕಡೆಯವನು, ಸಿರಸಿಯಲ್ಲಿ ಶಾಲೆಯ ಮಾಸ್ತರ. ಮದುವೆಯಾಗಿಲ್ಲ. ನನಗೂ ಆಗಿಲ್ಲ, ವಿಧವೆ ಅಕ್ಕನ ಜೊತೆ ಇದ್ದೇನೆ. ಎಂಟು ವರ್ಷ, ಪ್ರತಿ ಭಾನುವಾರ ಇಳಿಹೊತ್ತಿಗೆ ಅವನು ನಮ್ಮ ಜಗಲಿಗೆ ಬರುತ್ತಿದ್ದ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದ. ಅಕ್ಕ ಕೊಟ್ಟ ಚಹಾವನ್ನು ಲೋಟ ತುಟಿಗೆ ತಾಗಿಸದೆ, ಎತ್ತಿ ಕುಡಿಯುತ್ತಿದ್ದ. ಮಡಿಯ ಮನೆಯಲ್ಲಿ ಬೆಳೆದವನು, ಎಂಜಲಿನ ವಿಚಾರದಲ್ಲಿ ಬಹಳ ಬಿಗಿ. ಬಿಸಿ ಚಹಾ ಎತ್ತಿ ಕುಡಿಯುವುದು ಸರ್ಕಸ್ಸೇ ಸರಿ. ವಾರಕ್ಕೊಮ್ಮೆ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ಆಮೇಲೆ ಇಬ್ಬರೂ ಚದುರಂಗ ಆಡುತ್ತಿದ್ದೆವು. ಅವನೇ ಗೆಲ್ಲುತ್ತಿದ್ದ. ಆ ಒಂದು ವಿಚಾರದಲ್ಲಿ ಮಾತ್ರ ನನಗೆ ಯಾವತ್ತೂ ಹೊಟ್ಟೆ ಉರಿಯಲಿಲ್ಲ.

ನಡುವೆ ಈರಪ್ಪ ಬಂದ.

ಬನವಾಸಿ ಕಡೆಯವನು. ಸಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರ್. ಕಪ್ಪಗೆ, ಎತ್ತರಕ್ಕೆ, ಕಿವಿಯಲ್ಲಿ ಚಿನ್ನದ ಒಂಟಿ. ಅವನನ್ನು ಗಣಪತಿಗೆ ಪರಿಚಯ ಮಾಡಿಸಿದ್ದು ಯಾರು ಗೊತ್ತೇ? ನಾನು! ಯಲ್ಲಾಪುರದ ಕಕ್ಷಿದಾರನಿಗೆ ಒಂದು ಕಾಗದದ ಕಟ್ಟು ಮುಟ್ಟಿಸಬೇಕಿತ್ತು. "ನಿನಗೆ ರಜೆ ಇದೆಯಲ್ಲ, ಹೋಗಿ ಬಾ, ಡ್ರೈವರ್ ನನ್ನ ಗುರುತಿನವ" ಎಂದು ನಾನೇ ಮೋಟಾರು ಹತ್ತಿಸಿ ಕಳಿಸಿದ್ದೆ. ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು.

ಆಮೇಲಿನ ಶನಿವಾರ ಗಣಪತಿ ಕಟ್ಟೆಯ ಹತ್ತಿರ ಬಂದು ಹೇಳಿದ:

"ನಾಳೆ ಬಪ್ಪಲಾಗ್ತಿಲ್ಲೆ ಮಾರಾಯ. ಇವತ್ತೇ ಯಲ್ಲಾಪುರಕ್ಕೆ ಹೋಗ್ತೆ."

"ಎಂತಕ್ಕೆ?"

"ಹಂಗೇ."

ಯಲ್ಲಾಪುರಕ್ಕೆ ಯಾರಾದರೂ ಹಂಗೇ ಹೋಗುತ್ತಾರೆಯೇ? ಮುಂದಿನ ವಾರವೂ ಹಂಗೇ. ಅದರ ಮುಂದಿನ ವಾರವೂ ಹಂಗೇ. ನಾಲ್ಕನೆಯ ಭಾನುವಾರ ನಾನು ಚದುರಂಗದ ಕಾಯಿಗಳನ್ನು ಜೋಡಿಸಿ, ಎರಡೂ ಕಡೆ ನಾನೇ ಆಡಿ, ಎರಡೂ ಕಡೆ ಸೋತೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಗಣಪತಿ ಬಂಜ್ನಿಲ್ಲೆ ಹೇಳಿ ನಿಂಗೆ ಎಂತಕ್ಕೆ ಊಟ ಸೇರ್ತಿಲ್ಲೆ?" ಎಂದಳು.

ನಾನು ಅಜೀರ್ಣ ಎಂದೆ.

ಐದನೆಯ ವಾರ ತಡೆಯಲಿಲ್ಲ. ಇಡಗುಂದಿಯಲ್ಲಿ ಒಬ್ಬ ಸಾಕ್ಷಿಯನ್ನು ನೋಡುವುದಿದೆ ಎಂದು ಸುಳ್ಳು ಹೇಳಿ ಶನಿವಾರ ನಾನೂ ಅದೇ ಮೋಟಾರಿಗೆ ಹೋದೆ. ಡ್ರೈವರನ ಪಕ್ಕದ ಸೀಟು ಗೊತ್ತಲ್ಲ, ಮಾಮಲೇದಾರರು ಬಂದರೆ ಮಾತ್ರ ಖಾಲಿ ಮಾಡಿಸುವ ಸೀಟು? ಅದರ ಮೇಲೆ ಒಂದು ಒಗೆದ ಟವೆಲು ಹಾಸಿತ್ತು. ನಾನು ಅದರ ಕಡೆ ನೋಡಿದೆ.

"ನೀವು ಹಿಂದ ಹೋಗ್ರಿ ರಾಯರ, ಅಲ್ಲೆ ಜಾಗಾ ಐತಿ" ಎಂದ ಈರಪ್ಪ. ಅಷ್ಟರಲ್ಲಿ ಗಣಪತಿ ಬಂದ. ಈರಪ್ಪನ ಮುಖ ನೋಡಬೇಕಿತ್ತು. "ಬರ್ರಿ ಮಾಸ್ತರ, ಬರ್ರಿ. ನಿಮಗಂತನ ಇಟ್ಟೇನಿ."

ಗಣಪತಿ ನನ್ನನ್ನು ನೋಡಿ ಕೈಯೆತ್ತಿದ. ಹೋಗಿ ಮುಂದೆ ಕೂತ. ನಾನು ಕೋಳಿಬುಟ್ಟಿಗಳ ನಡುವೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಯಲ್ಲಾಪುರದವರೆಗೂ ಅವರಿಬ್ಬರ ಬೆನ್ನು ನೋಡುತ್ತ ಹೋದೆ. ಎಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನಗುವುದು ಮಾತ್ರ ಕಾಣಿಸುತ್ತಿತ್ತು. ನಮ್ಮ ಜಗಲಿಯ ಮೇಲೆ ಎಂಟು ವರ್ಷದಲ್ಲಿ ಗಣಪತಿ ಹಾಗೆ ಹೆಗಲು ಕುಣಿಸಿ ನಕ್ಕದ್ದು ನನಗೆ ನೆನಪಿಲ್ಲ.

ಯಲ್ಲಾಪುರದ ಸ್ಟ್ಯಾಂಡಿನ ಎದುರಿಗೆ ಒಂದು ಚಹಾದಂಗಡಿ ಇದೆ. ಇಬ್ಬರೂ ಬೆಂಚಿನ ಮೇಲೆ ಕೂತರು. ನಾನು ಮೋಟಾರಿನ ಮರೆಯಲ್ಲಿ ನಿಂತೆ. (ಹೌದು, ಮರೆಯಲ್ಲಿ. ನನ್ನ ಮರ್ಯಾದೆಯ ವಿಚಾರ ಆಮೇಲೆ ನೋಡೋಣ.) ಚಹಾ ಬಂತು. ಈರಪ್ಪ ಅರ್ಧ ಕುಡಿದ. ಉಳಿದರ್ಧ ಗ್ಲಾಸನ್ನು ಗಣಪತಿಯ ಕೈಗೆ ಕೊಟ್ಟ. ಗಣಪತಿ ಅದನ್ನು ಇಸಿದುಕೊಂಡು, ತುಟಿಗೆ ಹಚ್ಚಿ ಕುಡಿದ.

ಎಂಜಲು! ನಮ್ಮ ಮನೆಯ ತೊಳೆದ ಲೋಟಕ್ಕೆ ಎಂಟು ವರ್ಷ ತುಟಿ ತಾಗಿಸದವನು!

ಬೇರೆ ಸೀಮೆಯ ಓದುಗರಿಗೆ ಇದರಲ್ಲಿ ಏನಿದೆ ಎನ್ನಿಸಬಹುದು. ನಮ್ಮವರಿಗೆ ಹೇಳಬೇಕಾಗಿಲ್ಲ. ಗಂಡನ ಎಲೆಯಲ್ಲಿ ಹೆಂಡತಿ ಉಣ್ಣುವುದು ಬಿಟ್ಟರೆ ಯಾರು ಯಾರ ಎಂಜಲು ಮುಟ್ಟುತ್ತಾರೆ? ನನಗೆ ಅಲ್ಲಿಯೇ ಎಲ್ಲವೂ ಗೊತ್ತಾಗಿಹೋಯಿತು. ಅಥವಾ ಗೊತ್ತಾಯಿತು ಎಂದುಕೊಂಡೆ. ಇಡಗುಂದಿಯ ಸಾಕ್ಷಿಯನ್ನು ಮರೆತು ಬಾಡಿಗೆ ಎತ್ತಿನಗಾಡಿಯಲ್ಲಿ ರಾತ್ರಿಯೆಲ್ಲ ಕಳೆದು ತಿರುಗಿ ಬಂದೆ. ಎತ್ತುಗಳಿಗೂ ನನ್ನ ಮೇಲೆ ಕನಿಕರ ಬಂದಿರಬೇಕು.

ಈಗ ನಮ್ಮ ಕಸುಬಿನ ವಿಚಾರ ಸ್ವಲ್ಪ ಹೇಳಬೇಕು. ಕಟ್ಟೆಯ ಮೇಲೆ ಕೂತವರಿಗೆ ಮನುಷ್ಯರು ಮನುಷ್ಯರಾಗಿ ಕಾಣುವುದಿಲ್ಲ, ಕಲಮುಗಳಾಗಿ ಕಾಣುತ್ತಾರೆ. ಯಾರಾದರೂ ಓಡಿ ಬಂದರೆ "ಮುನ್ನೂರ ಎಪ್ಪತ್ತೊಂಬತ್ತು ಬಂತು" ಎನ್ನುತ್ತೇವೆ, ಎಂದರೆ ಕಳವು. ತಲೆಗೆ ಬಟ್ಟೆ ಕಟ್ಟಿಕೊಂಡು ಬಂದರೆ ಮುನ್ನೂರ ಇಪ್ಪತ್ಮೂರು. ಬೇಲಿ ಹಾರಿದರೆ ನಾನೂರ ನಲವತ್ತೇಳು. ಬೈದರೆ ಐನೂರ ನಾಲ್ಕು. ಆವತ್ತು ನಾನು ಗಾಡಿಯಿಂದ ಇಳಿದು ಕೈಕಾಲು ತೊಳೆಯುವ ಮೊದಲೇ ಪೀನಲ್ ಕೋಡಿನ ಕನ್ನಡ ಪುಸ್ತಕ ತೆಗೆದೆ. ಮುನ್ನೂರ ಎಪ್ಪತ್ತೇಳನ್ನು ಹುಡುಕಿದೆ. ಆ ಪುಟ ಹೊಸದರ ಹಾಗೇ ಇತ್ತು. ಬೆರಳಿನ ಗುರುತು, ಎಲೆಯಡಿಕೆಯ ಕಲೆ, ಒಂದೂ ಇಲ್ಲ. ನಾನು ಕಟ್ಟೆಗೆ ಬಂದಾಗಿನಿಂದ ಆ ಕಲಮಿಗೆ ಒಂದು ಅರ್ಜಿಯನ್ನೂ ಬರೆದಿರಲಿಲ್ಲ.

ಪ್ರಕೃತಿಯ ನಿಯಮಕ್ಕೆ ವಿರುದ್ಧವಾಗಿ ಯಾವನೇ ಗಂಡಸಿನೊಂದಿಗೆ, ಹೆಂಗಸಿನೊಂದಿಗೆ ಇಲ್ಲವೇ ಪಶುವಿನೊಂದಿಗೆ ಸ್ವಂತ ಇಚ್ಛೆಯಿಂದ ಕೂಡಿದವನಿಗೆ ಆಜನ್ಮ ಕರಿನೀರು, ಇಲ್ಲವೇ ಹತ್ತು ವರ್ಷದವರೆಗೆ ಸೆರೆ, ಮೇಲೆ ದಂಡ. ಇಬ್ಬರಿಗೂ ಒಪ್ಪಿಗೆ ಇದ್ದರೆ? ಅಂಥ ಮಾತೇ ಇಲ್ಲ. ಬಾಗಿಲು ಹಾಕಿದ್ದರೆ? ಅದೂ ಇಲ್ಲ. ಯಾರಿಗೆ ನಷ್ಟವಾಯಿತು ಎಂದು ಕೇಳುವವರೂ ಇಲ್ಲ. ಕೆಳಗೆ ಒಂದು ವಿವರಣೆಯೂ ಇದೆ. ಅದನ್ನು ಇಲ್ಲಿ ಬರೆದರೆ ಪತ್ರಿಕೆ ನಿಂತುಹೋದೀತು.

ಈ ಕಲಮು ನಮ್ಮ ಅಜ್ಜಂದಿರು ಮಾಡಿದ್ದೇ? ಅಲ್ಲ. ಕಲಕತ್ತೆಯಲ್ಲಿ ಕೂತ ದೊರೆಗಳು ಬರೆದದ್ದು. ಸಿಪಾಯಿ ದಂಗೆಯ ಬೆನ್ನಿಗೇ, ೧೮೬೦ರಲ್ಲಿ, ಕೋಡು ಪಾಸಾಯಿತು. ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಹಚ್ಚಿದ್ದೂ ಕೋಡು ಜಾರಿಗೆ ಬಂದದ್ದೂ ಒಂದೇ ಹೊತ್ತಿಗೆ. ಅಲ್ಲಿಯವರೆಗೆ ಅವರ ವಿಲಾಯತಿಯಲ್ಲಿ ಈ ತಪ್ಪಿಗೆ ನೇಣಂತೆ. ಇಲ್ಲಿಗೆ ತರುವಾಗ ದಯೆ ತೋರಿಸಿ ಕರಿನೀರು ಮಾಡಿದರು! ಸಿದ್ದಾಪುರ ದಾಟಿ ಮೈಸೂರು ಸೀಮೆಗೆ ಓಡಿಹೋದರೆ ಪಾರಾಗಬಹುದೇ? ಅದೂ ಇಲ್ಲ, ಅಲ್ಲಿ ಮಹಾರಾಜರಿದ್ದರೂ ಪುಸ್ತಕ ಇದೇ.

ಹಿಂದೆ ನಮ್ಮಲ್ಲಿ ಎಲ್ಲ ಸರಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ಇಂಥವರು ಇದ್ದರೆ ಊರವರು ಆಡಿಕೊಳ್ಳುತ್ತಿದ್ದರು, ಅಡ್ಡಹೆಸರು ಇಡುತ್ತಿದ್ದರು, ಹಿರಿಯರು ಬೈದು ಮದುವೆ ಮಾಡಿಸಿಬಿಡುತ್ತಿದ್ದರು. ಆದರೆ ಹೀಗೆ ಒಂದು ನಂಬರು ಹಚ್ಚಿ ಸಮುದ್ರ ದಾಟಿಸುತ್ತಿರಲಿಲ್ಲ. ಮೊನ್ನೆ ಮೊನ್ನೆ ನಮ್ಮ ತಾಲೂಕುಗಳ ಜನ ಉಪ್ಪಿನ ಕಾಯಿದೆ ಮುರಿದರು, ಕಾಡಿನ ಕಾಯಿದೆ ಮುರಿದರು, ಕರ ಕೊಡುವುದಿಲ್ಲ ಎಂದು ಮನೆಮಾರು ಕಳೆದುಕೊಂಡರು. ಈ ಕಾಯಿದೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಯಾರು ನೋಡುತ್ತಾರೆ? ಪೇಟೆಯ ನಡುವೆ ಪರದೇಶಿ ಅಂಗಿ ಸುಟ್ಟವರಲ್ಲಿ ನಾನೂ ಒಬ್ಬ. ಪರದೇಶಿ ಕಲಮು ಬೇಕಾದಾಗ ಮಾತ್ರ ನನ್ನ ಕೈಗೆ ಎಷ್ಟು ಸಲೀಸಾಗಿ ಬಂತು!

ಭಾನುವಾರ ಇಡೀ ಹಗಲು ಕೂತು ಬರೆದೆ. ಮುಖ್ಯ ಆರೋಪಿ ಈರಪ್ಪ. ಆದರೆ ಆ ಕಲಮಿನಲ್ಲಿ ಒಬ್ಬನನ್ನು ಹಿಡಿದು ಇನ್ನೊಬ್ಬನನ್ನು ಬಿಡಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಗಣಪತಿ ನನ್ನ ಹತ್ತಿರ ಇಲ್ಲವಾದರೆ ಅವನ ಹತ್ತಿರವೂ ಬೇಡ, ಅಷ್ಟೇ ತಲೆಯಲ್ಲಿ ಇದ್ದದ್ದು. ಮಾಸ್ತರನ ಕೆಲಸ ಹೋಗುತ್ತದೆ, ಹೆಗಡೆಕಟ್ಟಾದಲ್ಲಿ ಅವನ ತಾಯಿ ಬಾವಿ ಹಾರುತ್ತಾಳೆ, ಅವನು ಹತ್ತು ವರ್ಷ ಕಲ್ಲು ಒಡೆಯುತ್ತಾನೆ ಎಂದೆಲ್ಲ ಹೊಳೆಯಲಿಲ್ಲವೇ ಎಂದು ಕೇಳಿದರೆ, ಹೊಳೆಯಿತು. ಹೊಳೆದಾಗ ಒಂದು ಬಗೆಯ ಖುಷಿಯೂ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಕಟ್ಟೆಯಲ್ಲಿ ಒಂದು ರೂಢಿ ಇದೆ. ಸ್ವಂತ ಜಗಳದ ಅರ್ಜಿಯನ್ನು ಬರೆದವನು ನೇರವಾಗಿ ಕೊಡುವಂತಿಲ್ಲ. ಪಕ್ಕದವನು ಗಟ್ಟಿಯಾಗಿ ಓದಿ ಹೇಳಬೇಕು, ಬರೆದವನು ಕಕ್ಷಿದಾರನ ಹಾಗೆ ಕೈಕಟ್ಟಿ ಕೂತು ಕೇಳಬೇಕು, ಕೇಳಿ "ಸರಿ ಇದೆ" ಎಂದ ಮೇಲೆ ಸಹಿ. ಯಾವ ಕಾಯಿದೆಯಲ್ಲೂ ಇದು ಇಲ್ಲ. ಅರ್ಜಿ ಬರೆಯುವವರೇ ತಮ್ಮ ತಮ್ಮ ಸಿಟ್ಟಿಗೆ ಹೆದರಿ ಮಾಡಿಕೊಂಡದ್ದು.

ನನ್ನ ಪಕ್ಕದಲ್ಲಿ ಕೂರುವವರು ಖಾದರ್ ಸಾಹೇಬರು. ಎಪ್ಪತ್ತು ದಾಟಿದೆ. ಅವರ ತಂದೆಯೂ ಇದೇ ಕಟ್ಟೆಯ ಮೇಲೆ ಬರೆದವರು. ಸೋಮವಾರ ಬೆಳಿಗ್ಗೆ ಕಾಗದವನ್ನು ಅವರ ಮುಂದಿಟ್ಟೆ. ಸಾಹೇಬರು ಕನ್ನಡಕ ಏರಿಸಿ ಗಟ್ಟಿಯಾಗಿ ಶುರು ಮಾಡಿದರು. ಎರಡನೆಯ ಸಾಲಿಗೆ ದನಿ ಇಳಿಸಿದರು. ಮೂರನೆಯ ಸಾಲಿಗೆ ನನ್ನ ಕಡೆ ಜರುಗಿ, ಕಿವಿಯ ಹತ್ತಿರ ಓದತೊಡಗಿದರು.

ನಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಯಲ್ಲಾಪುರದಲ್ಲಿ ಈರಪ್ಪನ ಬಾಡಿಗೆ ಕೋಣೆ. ಒಳಗಿನಿಂದ ಅಗಳಿ ಹಾಕಿದ ಸದ್ದು. ಚಾಪೆ. "ಸದರಿ ಈರಪ್ಪನು ಸದರಿ ಮಾಸ್ತರನ ಕನ್ನಡಕವನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು, ಮಡಿಸಿ, ಕಿಟಕಿಯ ಮೇಲೆ ಇಟ್ಟು..."

ಸಾಹೇಬರು ನಿಲ್ಲಿಸಿದರು.

"ಹೆಗಡೇರೇ, ಇದು ಯಾರು ನೋಡಿದ್ದು?"

ನಾನು ಕಟ್ಟಿದ ಕೈ ಬಿಡಿಸಿ ನಿಬ್ಬು ಒರೆಸತೊಡಗಿದೆ.

"ನಿಮ್ಮ ಕಣ್ಣಿಂದ ನೋಡಿದ್ದು ಎಷ್ಟು, ಅದನ್ನ ಹೇಳಿ."

"ಚಹಾ ಕುಡಿದದ್ದು."

"ಚಾ?"

"ಒಂದೇ ಗ್ಲಾಸಿನಲ್ಲಿ."

ಸಾಹೇಬರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಮಂಡಿಯ ಮೇಲೆ ಇಟ್ಟರು.

"ಐವತ್ತು ವರ್ಸದ ಮೇಲಾಯ್ತು ನಾನು ಇಲ್ಲಿ ಕೂತು. ಸುಳ್ಳು ಅರ್ಜಿ ಎಷ್ಟು ಬರೆದೀನಿ ಅಲ್ಲಾಗೇ ಗೊತ್ತು. ಸುಳ್ಳು ಬರೆಸೋರು ಎರಡು ಸಾಲಲ್ಲಿ ಮುಗಿಸ್ತಾರೆ, ಹೊಡೆದ, ಬಡಿದ, ಓಡಿಹೋದ, ಅಷ್ಟೇ. ನೀವು ಒಂದೂವರೆ ಪುಟ ಬರೆದೀರಿ. ಮೆಲ್ಲಗೆ ತೆಗೆದು, ಮಡಿಸಿ ಅಂತ ಬರೆದೀರಿ." ಆಮೇಲೆ ಕೇಳಿದರು: "ಎಷ್ಟು ದಿವಸದಿಂದ ಇತ್ತು ನಿಮ್ಮ ತಲೇಲಿ ಇದು?"

ಎಂಟು ವರ್ಷದಿಂದ.

ಇದನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಆ ಕನ್ನಡಕ ತೆಗೆದ ಕೈ ಈರಪ್ಪನದಲ್ಲ, ನನ್ನದು. ಎಂಟು ವರ್ಷ ಜಗಲಿಯ ಮೇಲೆ ಕೂತು ಅದನ್ನು ತೆಗೆಯದೇ ಇದ್ದ ಕೈ. (ಮುನ್ನೂರ ಎಪ್ಪತ್ತೇಳು ಮಾಡಿದವನಿಗೆ ಮಾತ್ರ, ಬಯಸಿದವನಿಗಲ್ಲ. ಪುಸ್ತಕ ಮತ್ತೆ ತೆಗೆದು ನೋಡಿದ್ದೇನೆ. ಆದ್ದರಿಂದ ಸಂಪಾದಕರು ಈ ಸಾಲನ್ನು ಹೊಡೆದುಹಾಕಬೇಕಾಗಿಲ್ಲ.) ಗೊತ್ತೇ ಇರಲಿಲ್ಲವೇ ಎಂದು ಕೇಳಬೇಡಿ. ಗೊತ್ತಿದ್ದರೆ ಹೊಟ್ಟೆಕಿಚ್ಚು ಎಂಬ ಸುಲಭದ ಹೆಸರು ಯಾಕೆ ಕೊಡುತ್ತಿದ್ದೆ?

ಮಧ್ಯಾಹ್ನ ಮನೆಗೆ ಹೋಗಿ ಅರ್ಜಿಯನ್ನು ಬಚ್ಚಲ ಒಲೆಗೆ ಹಾಕಿದೆ. ಪೂರ್ತಿ ಉರಿಯುವವರೆಗೂ ಅಲ್ಲೇ ಕೂತಿದ್ದೆ. ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಬ್ಬ ಮರ್ಯಾದಸ್ಥ ಅಂಕಣಕಾರನಾಗಿ ಉಳಿಯುತ್ತಿದ್ದೆ.

ಆದರೆ ಮಾಡಿದ್ದನ್ನು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು. ಅದೇ ವಾರ ಗಣಪತಿ ರಸ್ತೆಯಲ್ಲಿ ಸಿಕ್ಕಾಗ ಮನೆಗೆ ಕರೆದುಕೊಂಡು ಬಂದೆ. ಜಗಲಿಯ ಮೇಲೆ ಕೂರಿಸಿ ಹೇಳಿದೆ. ಎಲ್ಲವನ್ನೂ ಅಲ್ಲ. ಯಲ್ಲಾಪುರಕ್ಕೆ ಬಂದದ್ದು, ನೋಡಿದ್ದು, ಸಿಟ್ಟು ಬಂದದ್ದು, ಅರ್ಜಿ ಬರೆದದ್ದು, ಸುಟ್ಟದ್ದು. ಅವನು ಬೈಯುತ್ತಾನೆ, ಕೆನ್ನೆಗೆ ಬಿಟ್ಟರೂ ಬಿಟ್ಟಾನು ಎಂದು ತಯಾರಾಗಿದ್ದೆ.

ಅವನಿಗೆ ಸಿಟ್ಟು ಬರಲಿಲ್ಲ. ಮುಖ ಸುಣ್ಣದ ಹಾಗಾಯಿತು. ಎದ್ದು ಹೋಗಿ ರಸ್ತೆಯ ಕಡೆ ನೋಡಿ ಬಂದ.

"ಯಾರಿಗಾದ್ರೂ ತೋರ್ಸಿದ್ಯಾ?"

"ಸಾಹೇಬರು ಓದಿದರು. ಅವರು ಯಾರಿಗೂ ಹೇಳುವವರಲ್ಲ."

"ಸುಟ್ಟಿದ್ದು ಖರೇಯಾ?"

"ಖರೇ."

"ನಕಲು?"

ನಕಲು! ನನ್ನ ಹತ್ತಿರ, ನಕಲು ಇಟ್ಟುಕೊಂಡಿದ್ದೀಯಾ ಎಂದು ಕೇಳಿದ. ಇಲ್ಲ ಎಂದೆ. ದೇವರಾಣೆ ಎಂದೆ. ಅವನು ತಲೆಯಾಡಿಸಿದ. ಚಪ್ಪಲಿ ಮೆಟ್ಟಲು ಹೋಗಿ ಎಡದ ಕಾಲಿಗೆ ಬಲದ್ದನ್ನು ಹಾಕಿಕೊಂಡು ಅಂಗಳ ದಾಟಿದ.

ಮುಂದಿನ ಭಾನುವಾರ ಏನಾಯಿತು ಗೊತ್ತೇ? ಗಣಪತಿ ಬಂದ! ಅದರ ಮುಂದಿನ ಭಾನುವಾರವೂ ಬಂದ. ಈಗ ಆರು ವಾರವಾಯಿತು, ಒಂದನ್ನೂ ತಪ್ಪಿಸಿಲ್ಲ. ಹೇಳಿದ ಹೊತ್ತಿಗಿಂತ ಮೊದಲೇ ಬರುತ್ತಾನೆ. ನನ್ನ ಹಳಸಲು ಚೇಷ್ಟೆಗಳಿಗೆಲ್ಲ ನಗುತ್ತಾನೆ. ಚದುರಂಗದಲ್ಲಿ ಸೋಲುತ್ತಾನೆ. ಮಂತ್ರಿಯನ್ನು ತಂದು ನನ್ನ ಕುದುರೆಯ ಬಾಯಿಗೇ ಇಡುತ್ತಾನೆ, ನಾನು ಹೊಡೆದರೆ "ಛೇ, ನೋಡಿದ್ನೇ ಇಲ್ಲೆ" ಎನ್ನುತ್ತಾನೆ. ನಾನು ಏಳುವ ಮೊದಲು ಅವನು ಏಳುವುದಿಲ್ಲ.

ಮೊದಲೆರಡು ವಾರ ನನಗೆ ಸ್ವರ್ಗ ಸಿಕ್ಕ ಹಾಗಾಗಿತ್ತು. ಈರಪ್ಪನನ್ನು ಗೆದ್ದೆ ಎಂದುಕೊಂಡೆ. ಅಷ್ಟು ಪೆದ್ದ ನಾನು.

ನಾಲ್ಕರ ಹೊತ್ತಿಗೆ ಯಲ್ಲಾಪುರದ ಮೋಟಾರು ನಮ್ಮ ಬೀದಿಯ ತುದಿಯಲ್ಲಿ ತಿರುಗುತ್ತದೆ. ಹಾರ್ನ್ ಕೇಳುತ್ತದೆ. ಗಣಪತಿ ತಲೆ ಎತ್ತುವುದಿಲ್ಲ. ಎತ್ತದೇ ಇರಲು ಅವನು ಪಡುವ ಪಾಡು ಇದೆಯಲ್ಲ, ಅದನ್ನು ಎದುರಿಗೆ ಕೂತು ನೋಡುತ್ತೇನೆ. ಕೈಯಲ್ಲಿದ್ದ ಆನೆಯನ್ನು ಹಿಡಿದೇ ಇರುತ್ತಾನೆ, ಇಡುವುದಿಲ್ಲ. ಆಗ ನನಗೆ ಈಗಲೂ ಈರಪ್ಪನ ಮೇಲೆ ಹೊಟ್ಟೆ ಉರಿಯುತ್ತದೆ. ನನ್ನ ಸಲುವಾಗಿ ಗಣಪತಿ ಯಾವತ್ತಾದರೂ ಹೀಗೆ ಕಷ್ಟಪಟ್ಟಿದ್ದಾನೆಯೇ?

ಕಳೆದ ವಾರ ತಡೆಯಲಾರದೆ ಹೇಳಿಯೇಬಿಟ್ಟೆ.

"ಹೋಗು ಮಾರಾಯ. ಯಲ್ಲಾಪುರಕ್ಕೆ ಹೋಗು. ನಾನು ಎಂತದೂ ಮಾಡುವುದಿಲ್ಲ."

ಗಣಪತಿ ನನ್ನ ಮುಖವನ್ನೇ ದಿಟ್ಟಿಸಿದ. ಇದು ಯಾವ ಹೊಸ ಉಪಾಯ ಎಂದು ನೋಡುವವನ ಹಾಗೆ. ಆಮೇಲೆ ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು. ಕಟಕಟೆ ಹತ್ತುವ ಮೊದಲು ಕಕ್ಷಿದಾರರು ಸಿಪಾಯಿಗೆ ಕೊಡುವ ನಗು.

"ಎಂತಕ್ಕೆ ಹೋಗವು? ಆನು ಇಲ್ಲೇ ಆರಾಮ ಇದ್ದೆ" ಎಂದ.

ಅರ್ಜಿ ದಾಖಲಾಗಲಿಲ್ಲ. ಫೌಜದಾರರು ಬರಲಿಲ್ಲ. ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ, ಮ್ಯಾಜಿಸ್ಟ್ರೇಟರು ಒಂದು ಅಕ್ಷರ ಬರೆಯಲಿಲ್ಲ. ಕಲಮು ಜಾರಿಯಾಗಿ ಕೂತಿದೆ, ನಮ್ಮದೇ ಜಗಲಿಯ ಮೇಲೆ. ಅದಕ್ಕೆ ಬೇಕಾಗಿದ್ದದ್ದು ನನ್ನಂಥವನೊಬ್ಬನ ಕೈಯಲ್ಲಿ ಪೆನ್ನು ಇದೆ ಎಂಬ ಸುದ್ದಿ ಮಾತ್ರ.

ಗಣಪತಿ ಈ ಪತ್ರಿಕೆ ಓದುತ್ತಾನೆ. ಎದುರಿಗೆ ಹೇಳಿದರೆ ನಂಬುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ. ಇದನ್ನು ಓದಿ ಇನ್ನಷ್ಟು ಹೆದರಿದರೆ ನನಗೆ ಬೇರೆ ದಾರಿ ತಿಳಿಯದು.

ಊರಿನವರ ಅಪೀಲುಗಳನ್ನೆಲ್ಲ ನಾನೇ ಬರೆದುಕೊಡುತ್ತೇನೆ. ನಾನೇ ಕೊಟ್ಟ ಈ ಶಿಕ್ಷೆಯ ಮೇಲೆ ಯಾವ ಕೋರ್ಟಿಗೆ ಬರೆಯಲಿ?